ಇಲ್ಲದ ನಾಡಿನ ಅಳತೆ

ದಾವಣಗೆರೆಯ ಸರಸ್ವತಿ ನಗರದಲ್ಲಿರುವ ನಮ್ಮ ಮನೆಯ ಒಳಕೋಣೆಯಲ್ಲಿ, ಮಂಚದ ಕೆಳಗೆ, ಕಂದು ಕಾಗದದಲ್ಲಿ ಸುತ್ತಿ ಸೆಣಬಿನ ಹುರಿಯಿಂದ ಬಿಗಿದ ಪುಸ್ತಕದ ಕಟ್ಟುಗಳು ಕೆಲವಿವೆ. ಅವು ನಾನೇ ಬರೆದು, ನಾನೇ ಹಣ ಹಾಕಿ ಅಚ್ಚು ಮಾಡಿಸಿದ ಭೂಪಟ ಸಂಪುಟದ ಪ್ರತಿಗಳು. ನಲವತ್ತು ನಕಾಶೆಗಳಿರುವ ಆ ಸಂಪುಟದಲ್ಲಿ ಬೆಟ್ಟಗಳಿವೆ, ಹೊಳೆಗಳಿವೆ, ಊರುಗಳಿವೆ, ಬಾವಿಗಳಿವೆ. ಆದರೆ ಅಲ್ಲಿ ತೋರಿಸಿರುವ ನಾಡು ಮಾತ್ರ ಈ ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಭೂಗೋಳವನ್ನು ಪಾಠ ಹೇಳಿದವನು ನಿವೃತ್ತಿಯ ಕಾಲದಲ್ಲಿ ಇಂಥದೊಂದು ಕೆಲಸಕ್ಕೆ ಕೈಹಾಕಿದ್ದನ್ನು ಕಂಡು ನಕ್ಕವರುಂಟು. ಅವರ ನಗೆ ನನ್ನನ್ನು ಬಾಧಿಸಲಿಲ್ಲ. ಬಾಧಿಸಿದ್ದು, ಪುಸ್ತಕ ಅಚ್ಚಾಗಿ ಬಂದ ಮೇಲೆ ನನ್ನ ಕಣ್ಣಿಗೆ ಬಿದ್ದ ಒಂದು ತಪ್ಪು. ಆ ತಪ್ಪಿನ ವಿಚಾರವನ್ನು ಸಹೃದಯ ಓದುಗರ ಮುಂದಿಡಬೇಕೆಂದು ಈ ಬರಹ.

ನಾನೂ ನನ್ನ ತಂಗಿಯೂ ಬೆಳೆದದ್ದು ಹರಿಹರದಲ್ಲಿ. ಶಾಂತಿಸಾಗರವೆಂದು ಕರೆಯುವ ಸೂಳೆಕೆರೆಯ ನೀರನ್ನು ಹೊತ್ತು ತರುವ ಹರಿದ್ರಾ ಹೊಳೆ ಹರಿಹರದ ಬಳಿ ತುಂಗಭದ್ರೆಯನ್ನು ಕೂಡುತ್ತದೆ. ಬೇಸಿಗೆಯಲ್ಲಿ ನದಿ ಬತ್ತಿ ಒಂದು ಬದಿಗೆ ಸರಿದಾಗ ತೆರೆದುಕೊಳ್ಳುತ್ತಿದ್ದ ಮರಳಿನ ಮೇಲೆ ನಾವಿಬ್ಬರೂ ಒದ್ದೆ ಮರಳಿನ ಬೆಟ್ಟಗಳನ್ನು ಕಟ್ಟಿ, ಬೆರಳಿನಿಂದ ಹೊಳೆಗಳನ್ನು ಗೀಚಿ, ಬೆಣಚುಕಲ್ಲುಗಳನ್ನಿಟ್ಟು ಊರುಗಳನ್ನು ಮಾಡುತ್ತಿದ್ದೆವು. ಸಂಜೆ ಮನೆಗೆ ಮರಳುವ ದನಗಳು ನಮ್ಮ ರಾಜ್ಯವನ್ನು ತುಳಿದು ಹೋಗುತ್ತಿದ್ದವು. ಮರುದಿನ ಅದೇ ನಾಡನ್ನು ಅದೇ ರೀತಿ ಕಟ್ಟಬೇಕೆಂಬ ಹಟದಿಂದ ನಾನು ಅದನ್ನು ನೋಟುಪುಸ್ತಕದಲ್ಲಿ ಬರೆದಿಡತೊಡಗಿದೆ. ನಾವು ಅದಕ್ಕೆ ಮರಳಸೀಮೆಯೆಂದು ಹೆಸರಿಟ್ಟೆವು. ದೂರಗಳನ್ನು ನಿಶ್ಚಯಿಸುವುದು ನನ್ನ ಕೆಲಸ. ಹೆಸರುಗಳನ್ನಿಡುವುದೂ ಬಾವಿಗಳನ್ನು ತೋಡಿಸುವುದೂ ತಂಗಿಯ ಕೆಲಸ. ಎಲ್ಲಕ್ಕಿಂತ ಎತ್ತರದ ಶಿಖರಕ್ಕೆ ಅವಳು ‘ಅವ್ವನ ತುರುಬು’ ಎಂದು ಹೆಸರಿಟ್ಟಿದ್ದಳು. ನೋಡಲು ಅದು ಹಾಗೆಯೇ ಇತ್ತು.

ಆ ದಿನಗಳಲ್ಲಿಯೇ ಅಜ್ಜನವರು ನಮಗೆ ಜಂಬೂದ್ವೀಪದ ಲೆಕ್ಕವನ್ನು ಹೇಳಿಕೊಟ್ಟರು. ದ್ವೀಪದ ವ್ಯಾಸ 1 ಲಕ್ಷ ಯೋಜನ. ಅದರಲ್ಲಿ ಭರತ ಮೊದಲಾದ ಏಳು ಕ್ಷೇತ್ರಗಳು, ಅವುಗಳ ನಡುವೆ ಹಿಮವಂತ ಮೊದಲಾದ ಆರು ಕುಲಪರ್ವತಗಳು. ಭರತದಿಂದ ವಿದೇಹದವರೆಗೆ ಒಂದಕ್ಕಿಂತ ಒಂದು ಇಮ್ಮಡಿ, ಅಲ್ಲಿಂದ ಐರಾವತದವರೆಗೆ ಒಂದಕ್ಕಿಂತ ಒಂದು ಅರ್ಧ. ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು, ಅರವತ್ತನಾಲ್ಕು. ಮತ್ತೆ ಮೂವತ್ತೆರಡರಿಂದ ಒಂದಕ್ಕೆ ಇಳಿತ. ಕೂಡಿಸಿದರೆ 190 ಪಾಲು. ಲಕ್ಷವನ್ನು 190ರಿಂದ ಭಾಗಿಸಿದರೆ 526 ಯೋಜನ, ಮೇಲೆ ಯೋಜನದ 19 ಭಾಗಗಳಲ್ಲಿ 6. ಅದೇ ಭರತಕ್ಷೇತ್ರದ ವಿಸ್ತಾರ. ಸ್ಲೇಟಿನ ಮೇಲೆ ಈ ಭಾಗಾಕಾರ ಸರಿಹೋದಾಗ ನನಗಾದ ಸಂತೋಷ ಇಂದಿಗೂ ನೆನಪಿದೆ. ಅದು ಶಾಸ್ತ್ರದ ವಿಷಯ, ಶ್ರದ್ಧೆಯ ವಿಷಯ, ನಮ್ಮದು ಮಕ್ಕಳಾಟ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವ ಉದ್ಧಟತನ ನನಗಿಲ್ಲ. ಆದರೆ ಕಣ್ಣಿಗೆ ಕಾಣದ ಎಡೆಯಲ್ಲಿಯೂ ಲೆಕ್ಕ ಕೂಡಬೇಕೆಂಬ ಬುದ್ಧಿ ನನಗೆ ಬಂದದ್ದು ಆ ಸ್ಲೇಟಿನಿಂದ.

ದೊಡ್ಡವನಾಗಿ ಉಪಾಧ್ಯಾಯನಾದ ಮೇಲೆ ಮರಳಸೀಮೆಯನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟೆ. ರಜೆಯಲ್ಲಿ ಮಾತ್ರ ಹೊರತೆಗೆದು ಹೊಸ ಹಾಳೆಗಳ ಮೇಲೆ ತಿದ್ದಿ ಬರೆಯುತ್ತಿದ್ದೆ. ಶಾಲೆಯಲ್ಲಿ ಹೇಳುತ್ತಿದ್ದ ನಿಜವಾದ ಭೂಗೋಳವೇನೂ ಸ್ಥಿರವಾಗಿರಲಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಬಳ್ಳಾರಿಯಿಂದ ನಮ್ಮ ಕಡೆಗೆ ಬಂದ ಹರಪನಹಳ್ಳಿ ತಾಲ್ಲೂಕು ಮುಂದೆ ಮತ್ತೆ ಬಳ್ಳಾರಿಗೆ ಹೋಯಿತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ನಿಜವಾದ ನಾಡಿನ ನಕಾಶೆ ಹೀಗೆ ಬದಲಾಗುತ್ತಿರಲು, ಇಲ್ಲದ ನಾಡಿನ ನಕಾಶೆ ಮಾತ್ರ ನನ್ನ ಪೆಟ್ಟಿಗೆಯಲ್ಲಿ ಇದ್ದಂತೆಯೇ ಇತ್ತು. ನಿವೃತ್ತಿಯಾದ ಮೇಲೆ ತಂಗಿಯೇ ಒಂದು ದಿನ ಕೇಳಿದಳು: “ಅಣ್ಣಾ, ನಾವಿಬ್ರೂ ಹೋದ್ಮೇಲೆ ಅದರ ಗತಿ ಏನು?” ಆ ಪ್ರಶ್ನೆಯೇ ಪುಸ್ತಕಕ್ಕೆ ಕಾರಣ.

ಅಚ್ಚು ಹಾಕಿಸುವ ಮೊದಲು ನನ್ನನ್ನು ಕಾಡಿದ್ದು ಸತ್ಯಾಣುವ್ರತದ ಸಂದೇಹ. ಇಲ್ಲದ ಊರನ್ನು ಇದೆಯೆಂಬಂತೆ ಬರೆದು ಮಾರುವುದು ಅನೃತವಲ್ಲವೇ? ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಸತ್ಯವನ್ನು ಹತ್ತು ಬಗೆಯಾಗಿ ವಿಂಗಡಿಸಿರುವುದು ಓದುಗರಲ್ಲಿ ಅನೇಕರಿಗೆ ತಿಳಿದದ್ದೇ. ಅವುಗಳಲ್ಲಿ ಸ್ಥಾಪನಾಸತ್ಯವೆಂಬುದೊಂದು. ಚದುರಂಗದ ಮರದ ಕಾಯಿಯನ್ನು ಆನೆಯೆಂದೂ ಕುದುರೆಯೆಂದೂ ಕರೆದರೆ ಯಾರೂ ಸುಳ್ಳು ಹೇಳಿದಂತಾಗುವುದಿಲ್ಲ. ಆಡುವವರಿಬ್ಬರೂ ಅದನ್ನು ಹಾಗೆಂದು ಸ್ಥಾಪಿಸಿಕೊಂಡಿದ್ದಾರೆ. ಸಂಭಾವನಾಸತ್ಯವೆಂಬುದು ಇನ್ನೊಂದು, ಇಂದ್ರನು ಜಂಬೂದ್ವೀಪವನ್ನೇ ಮಗುಚಬಲ್ಲನೆಂಬುದು ಅದಕ್ಕೆ ಕೊಡುವ ದೃಷ್ಟಾಂತ. ಅಂದಮೇಲೆ, ಇದು ಕಲ್ಪಿತವೆಂದು ಮೊದಲ ಪುಟದಲ್ಲಿಯೇ ಸಾರಿ ಹೇಳಿ ಬರೆದ ನಕಾಶೆ ಸುಳ್ಳಾಗಲಾರದೆಂದು ಸಮಾಧಾನಪಟ್ಟುಕೊಂಡೆ.

ಕನ್ನಡನಾಡಿನಲ್ಲಿ ಇದಕ್ಕೆ ಮೇಲ್ಪಂಕ್ತಿಯೂ ಇತ್ತು. ಆರ್. ಕೆ. ನಾರಾಯಣರ ಮಾಲ್ಗುಡಿ ಯಾವ ಸರ್ಕಾರದ ನಕಾಶೆಯಲ್ಲಿಯೂ ಇಲ್ಲ. 1935ರಲ್ಲಿ ಮೊದಲ ಕಾದಂಬರಿಯೊಂದಿಗೆ ಕಾಣಿಸಿಕೊಂಡ ಆ ಊರಿಗೆ ಸರಯೂ ನದಿಯಿದೆ, ಮೆಂಪಿ ಬೆಟ್ಟಗಳಿವೆ, ಮಾರ್ಕೆಟ್ ರಸ್ತೆಯಿದೆ. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಪ್ರಕಾಶಕರೊಡನೆ ಸಂಪರ್ಕ ಕಡಿದುಹೋದಾಗ ನಾರಾಯಣರು ಮೈಸೂರಿನಲ್ಲಿ ಇಂಡಿಯನ್ ಥಾಟ್ ಪಬ್ಲಿಕೇಷನ್ಸ್ ಎಂಬ ತಮ್ಮದೇ ಪ್ರಕಾಶನವನ್ನು ತೆರೆದರು. ‘ಮಾಲ್ಗುಡಿ ಡೇಸ್’ 1943ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಮುಂದೆ ಜೇಮ್ಸ್ ಫೆನೆಲಿ ಎಂಬ ವಿದ್ವಾಂಸರು ಕಥೆಗಳಲ್ಲಿ ಚದುರಿದ್ದ ದಾರಿಗುರುತುಗಳನ್ನೆಲ್ಲ ಒಟ್ಟುಗೂಡಿಸಿ ಮಾಲ್ಗುಡಿಯ ನಕಾಶೆಯನ್ನೇ ಬರೆದರು. ಶಂಕರ್‌ನಾಗ್ ಅವರು ಆಗುಂಬೆಯಲ್ಲಿ ದೂರದರ್ಶನಕ್ಕಾಗಿ ಚಿತ್ರಿಸಿದ ಧಾರಾವಾಹಿಯ ನೆನಪಿಗೆಂದು ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಈ ಊರಿನಿಂದ ಮೋಸಹೋದವರಿಲ್ಲ. ಏಕೆಂದರೆ ಅದು ಕಥೆಯೆಂದು ಎಲ್ಲರಿಗೂ ಗೊತ್ತು.

ಇದಕ್ಕೆ ತದ್ವಿರುದ್ಧವಾದ ಸಂಗತಿಯೂ ಒಂದುಂಟು. ಅಮೆರಿಕದಲ್ಲಿ 1930ರ ದಶಕದಲ್ಲಿ ರಸ್ತೆಯ ನಕಾಶೆಗಳನ್ನು ಮಾಡುತ್ತಿದ್ದ ಲಿಂಡ್‌ಬರ್ಗ್ ಮತ್ತು ಆಲ್ಪರ್ಸ್ ಎಂಬ ಇಬ್ಬರು, ತಮ್ಮ ನಕಾಶೆಯನ್ನು ಕದ್ದು ಅಚ್ಚು ಹಾಕುವವರನ್ನು ಹಿಡಿಯಲೆಂದು ನ್ಯೂಯಾರ್ಕ್ ರಾಜ್ಯದ ಒಂದು ಕವಲುದಾರಿಯಲ್ಲಿ ಇಲ್ಲದ ಊರನ್ನು ಗುರುತಿಸಿದರು. ತಮ್ಮ ಹೆಸರುಗಳ ಮೊದಲಕ್ಷರಗಳನ್ನು ಹೊಂದಿಸಿ ಅದಕ್ಕೆ ಅಗ್ಲೋ ಎಂದು ಕರೆದರು. ಮುಂದೆ ಆ ನಕಾಶೆಯನ್ನು ನಂಬಿದವರು ಯಾರೋ ಆ ಸ್ಥಳದಲ್ಲಿ ಅದೇ ಹೆಸರಿನ ಅಂಗಡಿಯನ್ನು ತೆರೆದರಂತೆ. ಕೇಳಲು ವಿನೋದವಾಗಿದೆ. ಆದರೆ ನಿಜವೆಂದು ಒಪ್ಪಿಸಿದ ನಕಾಶೆಯಲ್ಲಿ ಗುಟ್ಟಾಗಿ ಸೇರಿಸಿದ ಒಂದು ಸುಳ್ಳು ಹೆಸರಿಗೂ, ಕಲ್ಪಿತವೆಂದು ಒಪ್ಪಿಸಿದ ಇಡಿಯ ಒಂದು ನಾಡಿಗೂ ಇರುವ ಅಂತರವನ್ನು ಅದು ನನಗೆ ತಿಳಿಸಿತು. ವಸ್ತು ಇದೆಯೋ ಇಲ್ಲವೋ ಎಂಬುದಕ್ಕಿಂತ, ಓದುವವನಿಗೆ ನಾವು ಏನೆಂದು ಮಾತು ಕೊಟ್ಟಿದ್ದೇವೆ ಎಂಬುದೇ ಮುಖ್ಯವೆಂದು ಕಂಡಿತು.

ಇನ್ನು ಹಣದ ವಿಚಾರ. ಐನೂರು ಪ್ರತಿಗಳಿಗೆ ಸುಮಾರು ಒಂದೂವರೆ ಲಕ್ಷ ರೂಪಾಯಿ ಬೇಕಾಗಿತ್ತು. ಬಣ್ಣದ ಮುದ್ರಣ, ದಪ್ಪ ಕಾಗದ, ಹೊಲಿಗೆಯ ರಟ್ಟು. ನನಗೆ ಬಹುಕಾಲದಿಂದ ಪರಿಚಿತರಾದ ವರ್ತಕರೊಬ್ಬರು ಪೂರ್ತಿ ವೆಚ್ಚವನ್ನು ತಾವೇ ಕೊಡುವುದಾಗಿ ಮುಂದೆ ಬಂದರು. ಒಂದೇ ಒಂದು ಕೋರಿಕೆ: ಅತ್ಯುನ್ನತ ಶಿಖರಕ್ಕೆ ತೀರಿಕೊಂಡ ತಮ್ಮ ತಂದೆಯವರ ಹೆಸರಿಡಬೇಕು. “ಮೇಷ್ಟ್ರೇ, ಇಲ್ಲದ ಬೆಟ್ಟಕ್ಕೆ ನಮ್ಮ ತಂದೆಯವರ ಹೆಸರಿಟ್ಟರೆ ಯಾರಿಗೆ ಏನು ನಷ್ಟ, ನೀವೇ ಹೇಳಿ” ಎಂದರು. ಅವರ ತಂದೆಯವರನ್ನು ನಾನು ಬಲ್ಲೆ, ಹೆಸರುಳಿಯಲು ಯೋಗ್ಯರೇ. ಎರಡು ದಿನ ತೂಗಾಡಿದೆ. ಬಸದಿಯ ಮೆಟ್ಟಿಲಿಗೂ ಗೋಡೆಯ ಗಡಿಯಾರಕ್ಕೂ ದಾನಿಗಳ ಹೆಸರು ಬರೆಯುವ ನಮಗೆ ಇದೇನು ಹೊಸದಲ್ಲ. ಆದರೆ ಆ ಶಿಖರಕ್ಕೆ ಆಗಲೇ ಒಂದು ಹೆಸರಿತ್ತು. ಅದನ್ನಿಟ್ಟವಳು ಎಂಟು ವರ್ಷದ ಹುಡುಗಿ. ಅವಳು ನನ್ನನ್ನು ನಂಬಿ ಆ ಹೆಸರನ್ನು ನೋಟುಪುಸ್ತಕದಲ್ಲಿ ಬರೆಸಿದ್ದಳು. ಒಪ್ಪಿಸಿಟ್ಟ ಒಡವೆಯನ್ನು ಮಾರಲು ನನಗೆ ಅಧಿಕಾರವಿಲ್ಲವೆಂದು ತೋರಿತು. ವರ್ತಕರಿಗೆ ಕೈಮುಗಿದು, ನಿವೃತ್ತಿಯಲ್ಲಿ ಬಂದ ಹಣದಿಂದ ಖರ್ಚು ಮಾಡಿದೆ. ಅಷ್ಟು ಹಣವನ್ನು ಒಂದು ಹವ್ಯಾಸಕ್ಕೆ ಹಾಕಿದ್ದು ಪರಿಗ್ರಹವೋ ತ್ಯಾಗವೋ ಎಂಬುದನ್ನು ನಾನು ಇನ್ನೂ ತೀರ್ಮಾನಿಸಿಲ್ಲ. ನನ್ನ ಮನೆಯಾಕೆ ಮಾತ್ರ ಮೊದಲನೆಯದೆಂದೇ ಹೇಳುತ್ತಾಳೆ.

ಮುದ್ರಣದ ಕೆಲಸ ನನಗೆ ಹೊಸ ಪಾಠಶಾಲೆಯಾಯಿತು. ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಬಣ್ಣಗಳಿಗೆ ನಾಲ್ಕು ಪ್ಲೇಟುಗಳು; ನಾಲ್ಕೂ ಕೂದಲೆಳೆಯಷ್ಟೂ ಸರಿಯದೆ ಒಂದರ ಮೇಲೊಂದು ಕೂರಬೇಕು. ತಪ್ಪಿದರೆ ಹೊಳೆಯ ನೀಲಿ ದಡ ಮೀರಿ ಹೊಲಕ್ಕೆ ಹರಿಯುತ್ತದೆ. ನನ್ನ ಮೂಲ ಚಿತ್ರಗಳು 24 ಸೆಂಟಿಮೀಟರ್ ಅಗಲವಾಗಿದ್ದವು. ಅವನ್ನು ಎರಡೆರಡು ಪುಟಗಳ ಮೇಲೆ ಹರಡಿದರೆ ನಡುಭಾಗವನ್ನು ಹೊಲಿಗೆ ನುಂಗಿಬಿಡುತ್ತಿತ್ತು. ಆದ್ದರಿಂದ ಪ್ರತಿಯೊಂದನ್ನೂ 18 ಸೆಂಟಿಮೀಟರಿಗೆ ಕುಗ್ಗಿಸಿ ಒಂದೇ ಪುಟಕ್ಕೆ ಹೊಂದಿಸಬೇಕೆಂದು ನಾನೇ ಹೇಳಿದೆ. ಮುದ್ರಣಾಲಯದವರು ಹೇಳಿದಂತೆಯೇ ಮಾಡಿದರು. ಕರಡನ್ನು ನೋಡಿ ಸಹಿ ಹಾಕಿದವನೂ ನಾನೇ.

ಪುಸ್ತಕ ಬಂತು. 1954ರ ಪುಸ್ತಕ ಸಲ್ಲಿಕೆ ಕಾಯಿದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬಯಿ, ದೆಹಲಿಗಳ ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ಕಳುಹಿಸಿದೆ. ಬಂಧುಮಿತ್ರರಿಗೂ ಶಾಲೆಗಳಿಗೂ ಅರವತ್ತು ಪ್ರತಿಗಳು ಹೋದವು. ಒಂದು ರಾತ್ರಿ ಸುಮ್ಮನೆ ಸಂತೋಷಕ್ಕೆಂದು ಅಳತೆಪಟ್ಟಿಯನ್ನು ಹಿಡಿದು ಹನ್ನೊಂದನೆಯ ನಕಾಶೆಯನ್ನು ಅಳೆಯುತ್ತ ಕುಳಿತೆ. ಬಯಲುಸೀಮೆಯ ಎರಡು ಬಾವಿಗಳ ನಡುವೆ 4 ಸೆಂಟಿಮೀಟರ್. ನಕಾಶೆಯ ಕೆಳಗೆ ‘1 ಸೆಂ.ಮೀ.ಗೆ 3 ಹರದಾರಿ’ ಎಂದು ಅಚ್ಚಾಗಿತ್ತು. ಅಂದರೆ 12 ಹರದಾರಿ. ಆದರೆ ಆ ಬಾವಿಗಳ ನಡುವೆ 16 ಹರದಾರಿಯೆಂದು ನನಗೆ ಬಾಲ್ಯದಿಂದ ಬಾಯಿಪಾಠ.

ತಪ್ಪು ತಕ್ಷಣ ಹೊಳೆಯಿತು. ಹೊಳೆದು ಮೈ ತಣ್ಣಗಾಯಿತು. ನಕಾಶೆಯನ್ನು ಕುಗ್ಗಿಸಿದರೆ ರೇಖೆಯಾಗಿ ಎಳೆದ ಪ್ರಮಾಣ ಅದರೊಡನೆ ತಾನೂ ಕುಗ್ಗಿ ಸರಿಯಾಗಿಯೇ ಉಳಿಯುತ್ತದೆ. ಮಾತಿನಲ್ಲಿ ಬರೆದ ಪ್ರಮಾಣ ಮಾತ್ರ ಕುಗ್ಗುವುದಿಲ್ಲ, ಸುಳ್ಳಾಗುತ್ತದೆ. ಇದನ್ನು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟು, ಪರೀಕ್ಷೆಯಲ್ಲಿ ಕೇಳಿ, ತಪ್ಪಿದವರ ಅಂಕ ಕಳೆದವನು ನಾನು. ಮೊದಲ ನಕಾಶೆಯೊಂದಕ್ಕೆ ಮಾತ್ರ ರೇಖೆಯನ್ನು ಎಳೆದು, ಉಳಿದ ಮೂವತ್ತೊಂಬತ್ತಕ್ಕೆ ಜಾಗ ಉಳಿಸಲೆಂದು ಮಾತಿನ ಪ್ರಮಾಣವನ್ನು ಬರೆದಿದ್ದೆ. ಅವೆಲ್ಲವೂ ಈಗ 1 ಸೆಂಟಿಮೀಟರಿಗೆ 4 ಹರದಾರಿ ಎಂದಿರಬೇಕಾಗಿತ್ತು.

ಆಗ ನನ್ನ ಮನಸ್ಸಿನಲ್ಲಿ ಎದ್ದ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಇಲ್ಲದ ದಾರಿಯ ಅಳತೆ ತಪ್ಪಿದರೆ ಯಾರಿಗೆ ಏನು ನಷ್ಟ? ಅದು ವರ್ತಕರ ಮಾತೇ ಆಗಿತ್ತು. ಈ ಸಲ ನನ್ನ ಬಾಯಲ್ಲಿ ಬಂದಿತ್ತು. ನಿಜವಾದ ನಾಡಿನ ಅಳತೆಗೆ ಸಾಕ್ಷಿಗಳಿದ್ದಾರೆ. ಲ್ಯಾಂಬ್ಟನ್ 1802ರಲ್ಲಿ ಮದರಾಸಿನಿಂದ ಆರಂಭಿಸಿದ ಮಹಾ ತ್ರಿಕೋನಮಿತಿ ಸರ್ವೆಯ ಲೆಕ್ಕವನ್ನು ಪರೀಕ್ಷಿಸಲು 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಆಧಾರರೇಖೆಯನ್ನು ನೆಲದ ಮೇಲೆ ಅಳೆಸಿದನು. ಭಾರತದ ಗಡಿಯನ್ನು ಸರ್ವೆ ಆಫ್ ಇಂಡಿಯಾದ ನಕಾಶೆಗೆ ಹೊಂದದಂತೆ ತೋರಿಸಿ ಪ್ರಶ್ನಾರ್ಹಗೊಳಿಸಿದರೆ 1961ರ ಕಾನೂನಿನಂತೆ ಶಿಕ್ಷೆಯುಂಟು. ನನ್ನ ನಾಡಿಗೆ ಯಾವ ಸರ್ವೆಯೂ ಇಲ್ಲ, ಶಿಕ್ಷೆಯೂ ಇಲ್ಲ. ನಾಳೆಯಿಂದ ಆ ಬಾವಿಗಳ ನಡುವೆ 12 ಹರದಾರಿಯೆಂದು ನಾನೇ ನಿಶ್ಚಯಿಸಿದರೆ ತಪ್ಪು ತಾನಾಗಿಯೇ ಒಪ್ಪಾಗುತ್ತಿತ್ತು. ಸುಳ್ಳಿಗೆ ಇಷ್ಟು ಸುಲಭವಾದ ಎಡೆ ಇನ್ನೊಂದಿಲ್ಲ.

ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದು. ಸುಳ್ಳು ಲೇಖವನ್ನು ಬರೆಯುವುದೆಂದು ಅದರ ಅರ್ಥ. ಪ್ರಮಾದದಿಂದ ಆದ ತಪ್ಪು, ತಿಳಿದ ಮೇಲೂ ತಿದ್ದದಿದ್ದರೆ ಆ ಸಾಲಿಗೆ ಸೇರುತ್ತದೆಯೋ ಇಲ್ಲವೋ ಎಂದು ರಾತ್ರಿಯೆಲ್ಲ ತರ್ಕಿಸಿದೆ. ತರ್ಕ ನನಗೆ ಬೇಕಾದ ಕಡೆಗೇ ವಾಲುತ್ತಿತ್ತು. ಬೆಳಗಾಗುತ್ತಲೇ ಬಸ್ಸು ಹಿಡಿದು ಹರಿಹರಕ್ಕೆ ಹೋದೆ. ಹಳೆಯ ಲೆಕ್ಕದಲ್ಲಿ ಹರದಾರಿಯೆಂದರೆ ಸುಮಾರು ಮೂರು ಮೈಲಿ. ದಾವಣಗೆರೆಯಿಂದ ಹರಿಹರ ಸುಮಾರು ಮೂರು ಹರದಾರಿ. ಅಂದು ಆ ದಾರಿ ಉದ್ದವಾಗಿಯೇ ತೋರಿತು.

ತಂಗಿ ಅಡಿಗೆಮನೆಯಲ್ಲಿ ಕುಳಿತು ನನ್ನ ಮಾತನ್ನೆಲ್ಲ ಕೇಳಿದಳು. ಸತ್ಯವ್ರತದ ವಿಚಾರವನ್ನು ಅವಳೇನೂ ಎತ್ತಲಿಲ್ಲ. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಆ ಎರಡು ಬಾವಿಗಳ ಮೇಲೆ ಬೆರಳಿಟ್ಟು ನೋಡಿ, “ಹಂಗಾದ್ರೆ ನಡಿಯೋರಿಗೆ ನೀರು ಸಾಲಲ್ಲ ಅಣ್ಣಾ” ಎಂದಳು. 12 ಹರದಾರಿಯೆಂದು ನಂಬಿ ಹೊರಟವನು ಎರಡು ದಿನಕ್ಕಾಗುವಷ್ಟು ನೀರನ್ನು ಹೊತ್ತಿರುತ್ತಾನೆ. ದಾರಿ ಮೂರು ದಿನದ್ದು. ಅವಳ ಕಣ್ಣಿಗೆ ಆ ದಾರಿಯಲ್ಲಿ ನಡೆಯುವವರು ಇದ್ದರು. ನಾನು ಮಾತ್ರ ನನ್ನ ಮಾನವನ್ನು ಅಳೆಯುತ್ತ ಕುಳಿತಿದ್ದೆ. ರಾತ್ರಿಯಿಡೀ ನಡೆದ ತರ್ಕ ಅಲ್ಲಿಗೆ ಮುಗಿಯಿತು.

ಒಂದು ಚಿಕ್ಕ ‘ತಪ್ಪು-ಒಪ್ಪು’ ಚೀಟಿಯನ್ನು ಅಚ್ಚು ಹಾಕಿಸಿದೆವು. ಎರಡರಿಂದ ನಲವತ್ತರವರೆಗಿನ ನಕಾಶೆಗಳಲ್ಲಿ 1 ಸೆಂ.ಮೀ.ಗೆ 4 ಹರದಾರಿಯೆಂದು ಓದಿಕೊಳ್ಳಬೇಕೆಂದೂ ತಪ್ಪು ಕರ್ತೃವಿನದೆಂದೂ ಅದರಲ್ಲಿತ್ತು. ತಂಗಿ ಮೈದಾ ಅಂಟು ಕಾಯಿಸಿಕೊಟ್ಟಳು. ಮನೆಯಲ್ಲಿದ್ದ ಪ್ರತಿಗಳಿಗೆಲ್ಲ ನಾವಿಬ್ಬರೂ ನಾಲ್ಕು ದಿನ ಕುಳಿತು ಅಂಟಿಸಿದೆವು. ಹೊರಗೆ ಹೋದ ಅರವತ್ತನಾಲ್ಕು ಪ್ರತಿಗಳಿಗೂ, ನಾಲ್ಕು ಗ್ರಂಥಾಲಯಗಳನ್ನು ಮೊದಲ್ಗೊಂಡು, ಪತ್ರದೊಡನೆ ಚೀಟಿಯನ್ನು ಕಳುಹಿಸಿದೆ. ಚೀಟಿಯನ್ನು ನೋಡಿ ವರ್ತಕರು ದೂರವಾಣಿಯಲ್ಲಿ, “ನೀವು ಹೇಳದಿದ್ದರೆ ದೇವರಿಗೂ ಗೊತ್ತಾಗುತ್ತಿರಲಿಲ್ಲ ಮೇಷ್ಟ್ರೇ” ಎಂದು ನಕ್ಕರು. ಅದಾದ ವಾರಕ್ಕೆ ಶಾಲೆಗಳಿಗೆ ಕೊಡಲೆಂದು ಹತ್ತು ಪ್ರತಿಗಳನ್ನು ಕೊಂಡರು. ಹೆಸರು ಬರೆಯಿರೆಂದು ಕೇಳಲಿಲ್ಲ.

ಈ ಪತ್ರಿಕೆಯ ಓದುಗರಲ್ಲಿ ಬಸದಿಗಳ ಟ್ರಸ್ಟುಗಳನ್ನು ನಡೆಸುವವರು, ಸ್ಮರಣಸಂಚಿಕೆ, ಸ್ಥಳಚರಿತ್ರೆ, ಪೂಜಾಪುಸ್ತಕಗಳನ್ನು ಅಚ್ಚು ಹಾಕಿಸುವವರು ಬಹಳ ಮಂದಿ ಇದ್ದೀರಿ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಬರೆಯಿಸಿ ಹಂಚಿದ ಪರಂಪರೆ ನಮ್ಮದು. ಓಲೆಯ ಲಿಪಿಕಾರರು ಗ್ರಂಥದ ಕೊನೆಯಲ್ಲಿ ತಮ್ಮ ತಪ್ಪುಗಳಿಗೆ ಕ್ಷಮೆ ಬೇಡಿ, ಬಲ್ಲವರು ತಿದ್ದಿ ಓದಬೇಕೆಂದು ವಿನಂತಿಸುತ್ತಿದ್ದರು. ಅಚ್ಚಿನ ಯುಗ ಬಂದ ಮೇಲೂ ಹಳೆಯ ಕನ್ನಡ ಪುಸ್ತಕಗಳಲ್ಲಿ ತಪ್ಪು-ಒಪ್ಪುಗಳ ಒಂದು ಪುಟವಿರುತ್ತಿತ್ತು. ಇತ್ತೀಚೆಗೆ ಆ ಪುಟ ಕಾಣುವುದು ಅಪರೂಪ; ತಪ್ಪುಗಳು ಕಡಿಮೆಯಾದದ್ದರಿಂದ ಅದು ಹೋಯಿತೆಂದು ನನಗೆ ಅನ್ನಿಸುವುದಿಲ್ಲ. ಶಾಸನದ ವರ್ಷವೊಂದು, ದಾನಿಯ ಹೆಸರೊಂದು ತಪ್ಪಾಗಿ ಅಚ್ಚಾದರೆ ಅದನ್ನು ನಂಬಿ ಮುಂದೆ ನಡೆಯುವವರು ನಿಜವಾಗಿಯೂ ಇದ್ದಾರೆ. ಆ ಒಂದು ಪುಟಕ್ಕೆ ನಿಮ್ಮ ಪ್ರಕಟಣೆಗಳಲ್ಲಿ ಎಡೆ ಮಾಡಿಕೊಡಬೇಕೆಂದು ನನ್ನ ಪ್ರಾರ್ಥನೆ.

ಚೀಟಿ ತಲುಪಿದ ಮೇಲೆ ಹಳ್ಳಿಯ ಶಾಲೆಯೊಂದರ ವಿದ್ಯಾರ್ಥಿನಿಯಿಂದ ನನಗೆ ಪತ್ರ ಬಂತು. ಅಳತೆಪಟ್ಟಿಯಿಟ್ಟು ಹೊಸ ಪ್ರಮಾಣದಲ್ಲಿ ಲೆಕ್ಕ ಮಾಡಿ, ಆ ಎರಡು ಬಾವಿಗಳ ನಡುವಿನ ದಾರಿ ಬಹಳ ದೂರವಾಯಿತೆಂದೂ ನಡುವೆ ಇನ್ನೊಂದು ಬಾವಿಯನ್ನು ತೋಡಿಸಬಾರದೇಕೆಂದೂ ಆಕೆ ಕೇಳಿದ್ದಳು. ಪತ್ರವನ್ನು ತಂಗಿಗೆ ಓದಿ ಹೇಳಿದೆ. ಬಾವಿ ಅವಳ ಇಲಾಖೆ. ಸ್ವಲ್ಪ ಯೋಚಿಸಿ ಅವಳು ಒಪ್ಪಿದ್ದಾಳೆ. ಎರಡನೆಯ ಮುದ್ರಣವಾದರೆ ಹನ್ನೊಂದನೆಯ ನಕಾಶೆಯಲ್ಲಿ, ಎಂಟನೆಯ ಹರದಾರಿಯ ಹತ್ತಿರ, ಆ ಬಾವಿ ಇರುತ್ತದೆ.